ವಾಲ್ವಿನಿಂದ ಕ್ಲಾಸ್-ಡಿಗೆ: ಆಂಪ್ಲಿಫೈಯರ್ ಬದಲಾದಾಗ ಧ್ವನಿ ಏಕೆ ಬದಲಾಗುತ್ತದೆ?

ವರ್ಷಗಟ್ಟಲೆ ವಾಲ್ವ್ (ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದ, ಬಿಸಿಯಾಗುವ ಗಾಜಿನ ಬುರುಡೆ) ಆಂಪ್ಲಿಫೈಯರಿನಲ್ಲೇ ಸಂಗೀತ ಕೇಳಿಕೊಂಡು ಬಂದವರು ಈಚೆಗೆ ‘ಡಿಜಿಟಲ್ ಆಂಪ್ಲಿಫೈಯರ್’ ಎಂಬ ಹೆಸರಿನ, ಎಂಜಿನಿಯರುಗಳು ಕ್ಲಾಸ್-ಡಿ ಎಂದು ಕರೆಯುವ ಪುಟ್ಟ ಪೆಟ್ಟಿಗೆಗಳತ್ತ ನೋಡತೊಡಗಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ವಾಲ್ವುಗಳ ಬೆಲೆ. ಆಡಿಯೊ ಬಳಕೆಯ ವಾಲ್ವುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಕಾರ್ಖಾನೆಗಳು ಇಂದು ಮುಖ್ಯವಾಗಿ ರಷ್ಯದ ಸರಾತೋವ್, ಸ್ಲೊವಾಕಿಯದ ಚಾದ್ಸಾ ಹಾಗೂ ಚೀನಾದಲ್ಲಿ ಮಾತ್ರ ಉಳಿದಿವೆ. 2022ರ ಮಾರ್ಚ್‌ನಲ್ಲಿ, ಯುಕ್ರೇನ್ ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ, ರಷ್ಯದ ರಫ್ತು ನಿರ್ಬಂಧದಿಂದಾಗಿ ಸರಾತೋವ್‌ನ ಮಾಲು ಸ್ವಲ್ಪ ಕಾಲ ನಿಂತೇಹೋಯಿತು. ಮತ್ತೆ ಬರತೊಡಗಿದಾಗ ಬೆಲೆಯನ್ನು ಏರಿಸಿಕೊಂಡೇ ಬಂತು. ಎರಡನೆಯದು ಹೊಸ ಆಂಪ್ಲಿಫೈಯರುಗಳ ಗುಣಮಟ್ಟ. ಕೆಲವು ಸಾವಿರ ರೂಪಾಯಿಗೆ ಸಿಗುವ ಅಂಗೈಯಗಲದ ಯಂತ್ರಗಳು ಪ್ರಯೋಗಾಲಯದ ಅಳತೆಗಳಲ್ಲಿ ಅನೇಕ ದುಬಾರಿ ವಾಲ್ವ್ ಯಂತ್ರಗಳನ್ನು ಹಿಂದಿಕ್ಕುತ್ತಿವೆ.

ಹೀಗೆ ಬದಲಾಯಿಸಿದವರಿಗೆ ಮೊದಲು ಎದುರಾಗುವುದು ಗೊಂದಲ. ಹಾಡು ಅದೇ, ಸ್ಪೀಕರ್ ಅದೇ, ಆದರೂ ಧ್ವನಿ ಬೇರೆ. ಅದನ್ನು ಕೆಲವರು ‘ಸ್ವಚ್ಛ’ ಎನ್ನುತ್ತಾರೆ, ಕೆಲವರು ‘ಒಣಕಲು’ ಎನ್ನುತ್ತಾರೆ, ಇಬ್ಬರೂ ಅದರ ಹೊಣೆಯನ್ನು ‘ಡಿಜಿಟಲ್’ ಎಂಬುದರ ಮೇಲೆ ಹೊರಿಸುತ್ತಾರೆ. ಆದರೆ ಕಿವಿಗೆ ಗೊತ್ತಾಗುವ ಈ ವ್ಯತ್ಯಾಸದ ಬಹುಪಾಲು ಡಿಜಿಟಲ್ ಅಥವಾ ಅನಲಾಗ್ ಎಂಬುದರಿಂದ ಹುಟ್ಟುವುದಿಲ್ಲ. ಆಂಪ್ಲಿಫೈಯರ್ ಸ್ಪೀಕರನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ, ಯಾವ ಬಗೆಯ ತಪ್ಪುಗಳನ್ನು ಸ್ವರಕ್ಕೆ ಸೇರಿಸುತ್ತದೆ ಎಂಬ ಎರಡು ಸಂಗತಿಗಳಿಂದ ಅದು ಹುಟ್ಟುತ್ತದೆ. ಅದನ್ನು ತಿಳಿಯಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು.

## ಆಂಪ್ಲಿಫೈಯರ್ ನಿಜಕ್ಕೂ ಮಾಡುವುದೇನು?

ಸಣ್ಣ ಸಿಗ್ನಲ್ಲನ್ನು ಹಿಗ್ಗಿಸಿ ದೊಡ್ಡದು ಮಾಡುವ ಯಂತ್ರವೇ ಆಂಪ್ಲಿಫೈಯರ್ ಎಂದು ಹೇಳುವುದು ವಾಡಿಕೆ. ವಾಸ್ತವದಲ್ಲಿ ಸ್ಪೀಕರಿಗೆ ಹೋಗುವ ಶಕ್ತಿಯೆಲ್ಲ ಗೋಡೆಯ ಸಾಕೆಟ್ಟಿನಿಂದಲೇ ಬರುತ್ತದೆ. ಆ ಶಕ್ತಿ ಯಾವ ಕ್ಷಣದಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಹರಿಯಬೇಕು ಎಂದು ಸಿಗ್ನಲ್ ಆಜ್ಞೆ ಮಾಡುತ್ತದೆ, ಅಷ್ಟೆ. ಸಿ.ಡಿ. ಪ್ಲೇಯರ್ ಸಾಮಾನ್ಯವಾಗಿ 2 ವೋಲ್ಟ್‌ನಷ್ಟು ಸಿಗ್ನಲ್ ಕೊಡುತ್ತದೆ. ಅದರ ಹಿಂದೆ ಇರುವ ಕರೆಂಟು ಲೆಕ್ಕಕ್ಕಿಲ್ಲದಷ್ಟು ಕಡಿಮೆ. 8 ಓಮ್ ಸ್ಪೀಕರಿನಲ್ಲಿ 1 ವಾಟ್ ಖರ್ಚಾಗಲು 2.83 ವೋಲ್ಟ್ ಬೇಕು, 50 ವಾಟ್ ಖರ್ಚಾಗಲು 20 ವೋಲ್ಟ್ ಬೇಕು. ಈ ಎರಡನೆಯ ಸಂದರ್ಭದಲ್ಲಿ 2.5 ಆಂಪಿಯರ್ ಕರೆಂಟು ಹರಿಯುತ್ತದೆ. ಇಷ್ಟನ್ನು ಸಿಗ್ನಲ್ಲಿನ ಆಕಾರ ಕೆಡದಂತೆ ಒದಗಿಸುವುದೇ ಕೆಲಸ. ವಾಲ್ವಿನದೂ ಕ್ಲಾಸ್-ಡಿ ಯಂತ್ರದ್ದೂ ಇದೇ ಕೆಲಸ. ಮಾಡುವ ಬಗೆ ಮಾತ್ರ ಬೇರೆ.

## ವಾಲ್ವಿನ ಒಳಗೆ

1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಎರಡು ವಿದ್ಯುದ್ವಾರಗಳನ್ನಿಟ್ಟು, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಧನವನ್ನು ಮಾಡಿದರು. ಎರಡು ವರ್ಷಗಳ ನಂತರ ಅಮೆರಿಕದ ಲೀ ಡಿ ಫಾರೆಸ್ಟ್ ಅವೆರಡರ ನಡುವೆ ಮೂರನೆಯದೊಂದನ್ನು ಸೇರಿಸಿದರು. ಇಂದಿನ ವಾಲ್ವಿನಲ್ಲೂ ಇರುವುದು ಇದೇ ಏರ್ಪಾಡು. ಬಿಸಿಯಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಬಿದ್ದು, ನೂರಾರು ವೋಲ್ಟ್ ಧನ ವಿದ್ಯುತ್ತಿರುವ ಪ್ಲೇಟಿನತ್ತ ಹಾರುತ್ತವೆ. ದಾರಿಯಲ್ಲಿರುವ ಗ್ರಿಡ್ ಎಂಬ ತಂತಿಯ ಸುರುಳಿಗೆ ಸಿಗ್ನಲ್ ಕೊಟ್ಟರೆ, ಅದರ ಸಣ್ಣ ಏರಿಳಿತಕ್ಕೆ ತಕ್ಕಂತೆ ಎಲೆಕ್ಟ್ರಾನುಗಳ ದೊಡ್ಡ ಹರಿವು ಹೆಚ್ಚು ಕಡಿಮೆಯಾಗುತ್ತದೆ.

ಇದು ಬೆಂಗಳೂರಿಗೆ ಪರಕೀಯವಾದ ವಿದ್ಯೆಯೇನಲ್ಲ. 1954ರಲ್ಲಿ ಅಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನೂ ಕೈಗೆತ್ತಿಕೊಂಡಿತು. ಬಿ.ಇ.ಎಲ್. ಮುದ್ರೆಯ ವಾಲ್ವುಗಳನ್ನು ಹಳೆಯ ರೇಡಿಯೊ ಪ್ರಿಯರು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ವಾಲ್ವ್ ಯಂತ್ರದ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಮನೆ ಬಳಕೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಇಎಲ್34 ವಾಲ್ವಿನ ಹೀಟರ್ 6.3 ವೋಲ್ಟ್‌ನಲ್ಲಿ 1.5 ಆಂಪಿಯರ್ ಎಳೆಯುತ್ತದೆ, ಅಂದರೆ ಸುಮಾರು 9.5 ವಾಟ್. ಸ್ಟೀರಿಯೊ ಯಂತ್ರದಲ್ಲಿ ಅಂಥ ನಾಲ್ಕು ವಾಲ್ವುಗಳಿದ್ದರೆ ಕ್ಯಾಥೋಡುಗಳನ್ನು ಕಾಯಿಸುವುದಕ್ಕೇ 38 ವಾಟ್ ಬೇಕು. ಹಾಡು ಇಲ್ಲದಿದ್ದಾಗಲೂ ಪ್ರತಿ ವಾಲ್ವಿನ ಮೂಲಕ ಒಂದಷ್ಟು ಕರೆಂಟು ಹರಿಯುತ್ತಲೇ ಇರಬೇಕಾದ್ದರಿಂದ ಇನ್ನೊಂದು 70 ವಾಟ್ ಪ್ಲೇಟುಗಳಲ್ಲಿ ಬಿಸಿಯಾಗಿ ಹೋಗುತ್ತದೆ. ಸಣ್ಣ ವಾಲ್ವುಗಳು ಹಾಗೂ ಟ್ರಾನ್ಸ್‌ಫಾರ್ಮರಿನ ನಷ್ಟವನ್ನು ಸೇರಿಸಿದರೆ ಮೊತ್ತ 130 ವಾಟ್‌ನ ಆಸುಪಾಸಿಗೆ ಬರುತ್ತದೆ. ದಿನಕ್ಕೆ 4 ಗಂಟೆ ಕೇಳುವವರ ಮನೆಯಲ್ಲಿ ಇದು ತಿಂಗಳಿಗೆ ಸುಮಾರು 15 ಯೂನಿಟ್ ವಿದ್ಯುತ್ತು. ಇಷ್ಟೆಲ್ಲ ಉರಿದು ಆ ಯಂತ್ರ ಕೊಡುವುದು ಒಂದೊಂದು ಸ್ಪೀಕರಿಗೆ ಗರಿಷ್ಠ 35 ವಾಟ್‌ನಷ್ಟು. ಬೇಸಿಗೆಯಲ್ಲಿ ಕೋಣೆಯ ಸೆಕೆ ಬೇರೆ.

ವಾಲ್ವಿಗೆ ಇನ್ನೊಂದು ಕಟ್ಟುಪಾಡಿದೆ. ಅದು ಹೆಚ್ಚು ವೋಲ್ಟೇಜಿನಲ್ಲಿ ಕಡಿಮೆ ಕರೆಂಟನ್ನು ನಡೆಸುವ ಸಾಧನ. ಸ್ಪೀಕರಿಗೆ ಬೇಕಾದದ್ದು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟು. ಇವೆರಡನ್ನು ಹೊಂದಿಸಲು ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರಬೇಕು. ವಾಲ್ವ್ ಯಂತ್ರದ ತೂಕಕ್ಕೂ ಬೆಲೆಗೂ ದೊಡ್ಡ ಕಾರಣ ಈ ಕಬ್ಬಿಣ ಮತ್ತು ತಾಮ್ರದ ಗಟ್ಟಿಗಳು. ಧ್ವನಿಯ ಸ್ವಭಾವದಲ್ಲೂ ಇವುಗಳ ಪಾಲಿದೆ. ಅದನ್ನು ಮುಂದೆ ನೋಡೋಣ.

## ಬಿಸಿ ಏಕೆ, ಬಿಸಿ ಇಲ್ಲದೆ ಹೇಗೆ?

ಹಳೆಯ ಮನೆಗಳ ಗೋಡೆಯ ಮೇಲೆ ಇರುತ್ತಿದ್ದ ದಪ್ಪನೆಯ ಚೌಕಾಕಾರದ ಫ್ಯಾನ್ ರೆಗ್ಯುಲೇಟರ್ ಅನೇಕರಿಗೆ ನೆನಪಿರಬಹುದು. ಫ್ಯಾನ್ ನಿಧಾನವಾಗಿ ತಿರುಗಲೆಂದು ಇಟ್ಟಾಗ ಅದು ಬೆಚ್ಚಗಾಗುತ್ತಿತ್ತು. ಫ್ಯಾನಿಗೆ ಕೊಡದೆ ತಡೆದ ವೋಲ್ಟೇಜೆಲ್ಲ ಅದರೊಳಗಿನ ತಂತಿಸುರುಳಿಯ ಪಾಲಾಗಿ ಬಿಸಿಯಾಗುತ್ತಿತ್ತು. ಈಗಿನ ಪುಟ್ಟ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಗೆ ತಡೆದು ಸುಡುವುದಿಲ್ಲ. ಅದು ಸೆಕೆಂಡಿಗೆ 100 ಬಾರಿ ಕರೆಂಟನ್ನು ಸ್ವಲ್ಪ ಹೊತ್ತು ಪೂರ್ತಿ ಬಿಟ್ಟು, ಸ್ವಲ್ಪ ಹೊತ್ತು ಪೂರ್ತಿ ಕಡಿಯುತ್ತದೆ. ರೆಕ್ಕೆಗಳಿಗೆ ತಮ್ಮದೇ ತೂಕವಿರುವುದರಿಂದ ಈ ಬಿಟ್ಟು ಕಡಿಯುವ ಆಟ ಅವುಗಳಿಗೆ ತಿಳಿಯುವುದಿಲ್ಲ. ಸರಾಸರಿ ಎಷ್ಟು ಸಿಕ್ಕಿತೋ ಆ ವೇಗದಲ್ಲಿ ಒಂದೇ ಸಮನೆ ತಿರುಗುತ್ತವೆ.

ವಾಲ್ವ್ ಆಗಲಿ, ಸಾಂಪ್ರದಾಯಿಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆಗಲಿ, ಮೊದಲನೆಯ ರೆಗ್ಯುಲೇಟರಿನ ಜಾತಿಗೆ ಸೇರಿದ್ದು. 30 ವೋಲ್ಟ್ ಪೂರೈಕೆಯಿದ್ದು, ಒಂದು ಕ್ಷಣದಲ್ಲಿ ಸ್ಪೀಕರಿಗೆ 10 ವೋಲ್ಟ್ ಹಾಗೂ 1 ಆಂಪಿಯರ್ ಬೇಕೆನ್ನಿ. ಉಳಿದ 20 ವೋಲ್ಟ್ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. ಸ್ಪೀಕರಿಗೆ 10 ವಾಟ್ ಹೋದರೆ ಟ್ರಾನ್ಸಿಸ್ಟರಿನಲ್ಲಿ 20 ವಾಟ್ ಬಿಸಿಯಾಗುತ್ತದೆ. ಅರ್ಧ ತೆರೆದಿರುವ ಯಾವ ಸಾಧನಕ್ಕೂ ಇದು ತಪ್ಪಿದ್ದಲ್ಲ.

ಕ್ಲಾಸ್-ಡಿ ಎರಡನೆಯ ಜಾತಿಯದು. ಅಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದು ನಿಲ್ಲುವುದೇ ಇಲ್ಲ. ಪೂರ್ತಿ ತೆರೆದಿದ್ದರೆ ಅದರ ಮೇಲೆ ಬೀಳುವ ವೋಲ್ಟೇಜು ಸೊನ್ನೆಯ ಹತ್ತಿರ. ಪೂರ್ತಿ ಮುಚ್ಚಿದ್ದರೆ ಹರಿಯುವ ಕರೆಂಟು ಸೊನ್ನೆ. ಎರಡರಲ್ಲಿ ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ, ಹಾಗಾಗಿ ಬಿಸಿಯೂ ನಗಣ್ಯ. ಪೂರ್ಣ ಶಕ್ತಿಯಲ್ಲಿ ದುಡಿಯುವಾಗ ಇಂಥ ಯಂತ್ರಗಳು ತಾವು ಪಡೆದ ವಿದ್ಯುತ್ತಿನ ಶೇ. 85ರಿಂದ 95ರಷ್ಟನ್ನು ಸ್ಪೀಕರಿಗೆ ಮುಟ್ಟಿಸುತ್ತವೆ. ಸಿಂಗಲ್-ಎಂಡೆಡ್ ಎನ್ನುವ, ಒಂದೇ ವಾಲ್ವ್ ದುಡಿಯುವ ಜೋಡಣೆಯಲ್ಲಿ ಈ ಪ್ರಮಾಣ ಶೇ. 25ನ್ನು ದಾಟುವುದೂ ಕಷ್ಟ.

## ಸ್ವಿಚ್ಚಿನಿಂದ ಸಂಗೀತ ಬರುವುದು ಹೇಗೆ?

ಕ್ಲಾಸ್-ಡಿ ಯಂತ್ರದೊಳಗೆ ತ್ರಿಕೋನಾಕಾರದ ಒಂದು ಅಲೆ ಬಿಡುವಿಲ್ಲದೆ ಏರಿಳಿಯುತ್ತಿರುತ್ತದೆ. ಅದರ ವೇಗ ಸೆಕೆಂಡಿಗೆ 4 ಲಕ್ಷ ಬಾರಿ, ಅಂದರೆ 400 ಕಿಲೋಹರ್ಟ್ಸ್, ಎಂದಿಟ್ಟುಕೊಳ್ಳೋಣ. ಒಳಬರುವ ಸಂಗೀತದ ಸಿಗ್ನಲ್ಲನ್ನು ಪ್ರತಿ ಕ್ಷಣವೂ ಈ ಅಲೆಯೊಂದಿಗೆ ಹೋಲಿಸಲಾಗುತ್ತದೆ. ಸಿಗ್ನಲ್ ಮೇಲಿದ್ದರೆ ಸ್ವಿಚ್ಚು ಧನ ವೋಲ್ಟೇಜಿನ ಕಡೆಗೆ, ಅಲೆ ಮೇಲಿದ್ದರೆ ಋಣ ವೋಲ್ಟೇಜಿನ ಕಡೆಗೆ ಹೊರಳುತ್ತದೆ. ಸಿಗ್ನಲ್ ಸೊನ್ನೆಯಲ್ಲಿದ್ದರೆ ಎರಡೂ ಕಡೆ ಸಮಪಾಲು, ಸರಾಸರಿ ಸೊನ್ನೆ. ಸಿಗ್ನಲ್ ಏರಿದಂತೆ ಧನ ಪಲ್ಸುಗಳು (ಹೀಗೆ ಹೊರಬರುವ ವೋಲ್ಟೇಜಿನ ತುಣುಕುಗಳು) ಅಗಲವಾಗುತ್ತವೆ, ಋಣ ಪಲ್ಸುಗಳು ಕಿರಿದಾಗುತ್ತವೆ. ಪಲ್ಸಿನ ಎತ್ತರ ಯಾವಾಗಲೂ ಒಂದೇ; ಸಂಗೀತವೆಲ್ಲ ಅದರ ಅಗಲದಲ್ಲಿ ಅಡಗಿರುತ್ತದೆ.

ಈ ಪಲ್ಸುಗಳನ್ನು ಸರಾಸರಿಗೆ ತರುವ ಕೆಲಸ ಔಟ್‌ಪುಟ್ ಫಿಲ್ಟರಿನದು. ಪೆಟ್ಟಿಗೆಯ ಮುಚ್ಚಳ ತೆಗೆದರೆ ನಡುವೆ ಉಗುರಿನಷ್ಟು ಅಗಲದ ಚಿಪ್ಪು, ಅದರ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಹೀಟ್‌ಸಿಂಕು, ಸ್ಪೀಕರ್ ತಂತಿ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಸಾಲಾಗಿ ನಾಲ್ಕು ಕಾಯಿಲುಗಳು, ಅವುಗಳಿಗೆ ಜೊತೆಯಾಗಿ ಕೆಪಾಸಿಟರುಗಳು ಕಾಣುತ್ತವೆ. ಕಾಯಿಲು ಕರೆಂಟಿನ ಹಠಾತ್ ಬದಲಾವಣೆಯನ್ನು ತಡೆಯುತ್ತದೆ, ಕೆಪಾಸಿಟರು ವೋಲ್ಟೇಜಿನ ಹಠಾತ್ ಬದಲಾವಣೆಯನ್ನು ನುಂಗುತ್ತದೆ. ಕಿವಿಗೆ ಕೇಳುವ ಮಿತಿ 20 ಕಿಲೋಹರ್ಟ್ಸ್. ಸ್ವಿಚ್ಚಿನ ವೇಗ ಅದರ 20 ಪಟ್ಟು. ಈ ಅಂತರ ಇರುವುದರಿಂದಲೇ ಸಂಗೀತವನ್ನು ಬಿಟ್ಟು ಸ್ವಿಚ್ಚಿನ ಗಲಾಟೆಯನ್ನು ಮಾತ್ರ ಸೋಸಿ ತೆಗೆಯಲು ಸಾಧ್ಯವಾಗುತ್ತದೆ.

ಹೇಳಲು ಇಷ್ಟು ಸುಲಭವಾದದ್ದನ್ನು ಮಾಡಲು ದಶಕಗಳೇ ಹಿಡಿದವು. ಧನ ಬದಿಗೆ ಒಂದು, ಋಣ ಬದಿಗೆ ಒಂದು ಎಂದು ಜೋಡಿ ಟ್ರಾನ್ಸಿಸ್ಟರುಗಳಿರುತ್ತವೆ. ಎರಡೂ ಏಕಕಾಲಕ್ಕೆ ತೆರೆದುಕೊಂಡರೆ ಪೂರೈಕೆಯೇ ಶಾರ್ಟ್ ಆಗಿ ಚಿಪ್ಪು ಸುಟ್ಟುಹೋಗುತ್ತದೆ. ಆದ್ದರಿಂದ ಒಂದು ಮುಚ್ಚಿ ಇನ್ನೊಂದು ತೆರೆಯುವ ಮುನ್ನ ಕೆಲವು ನ್ಯಾನೊಸೆಕೆಂಡುಗಳ ಕಾಲ ಎರಡನ್ನೂ ಮುಚ್ಚಿಡುತ್ತಾರೆ. ಆ ಪುಟ್ಟ ಅಂತರ ಪಲ್ಸಿನ ಅಗಲವನ್ನು ಕೆಡಿಸುತ್ತದೆ, ಅಗಲ ಕೆಟ್ಟರೆ ಸಂಗೀತವೂ ಕೆಟ್ಟಿತು. ಇದಕ್ಕೆ ಮದ್ದು ಎರಡು. ಮೊದಲನೆಯದು ಇನ್ನೂ ಚುರುಕಾಗಿ ತೆರೆದು ಮುಚ್ಚುವ ಟ್ರಾನ್ಸಿಸ್ಟರುಗಳನ್ನು ಬಳಸುವುದು. ಈಗ ಜಾಹೀರಾತುಗಳಲ್ಲಿ ಕಾಣುವ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರುಗಳ ಹೆಚ್ಚುಗಾರಿಕೆ ಇದೇ. ಎರಡನೆಯದು ಫೀಡ್‌ಬ್ಯಾಕ್, ಅಂದರೆ ಹೊರಬಂದ ಸಿಗ್ನಲ್ಲನ್ನು ಒಳಬಂದದ್ದರೊಂದಿಗೆ ಹೋಲಿಸಿ ತಪ್ಪನ್ನು ಅಲ್ಲಲ್ಲೇ ತಿದ್ದಿಕೊಳ್ಳುವುದು.

## 1964ರಿಂದ ಇಲ್ಲಿಯವರೆಗೆ

ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1964ರಲ್ಲೇ ಎಕ್ಸ್-10 ಎಂಬ ಕ್ಲಾಸ್-ಡಿ ಕಿಟ್ ಮಾರಿತು. 10 ವಾಟ್ ಎಂದು ಹೇಳಿಕೊಂಡ ಅದು ಕೊಡುತ್ತಿದ್ದದ್ದು ಅದರ ಕಾಲುಭಾಗದಷ್ಟು; ಅಂದಿನ ಟ್ರಾನ್ಸಿಸ್ಟರುಗಳಿಗೆ ಈ ಕೆಲಸಕ್ಕೆ ಬೇಕಾದ ಚುರುಕು ಇರಲಿಲ್ಲ. 1978ರಲ್ಲಿ ಸೋನಿ ತನ್ನ ಟಿಎ-ಎನ್88 ಯಂತ್ರದಲ್ಲಿ ವಿಶೇಷ ಬಗೆಯ ಟ್ರಾನ್ಸಿಸ್ಟರುಗಳನ್ನು ಬಳಸಿ ಮತ್ತೆ ಪ್ರಯತ್ನಿಸಿತು. ಚುರುಕಾಗಿ ತೆರೆದು ಮುಚ್ಚುವ ಮಾಸ್‌ಫೆಟ್ ಟ್ರಾನ್ಸಿಸ್ಟರುಗಳು ಅಗ್ಗವಾದ ಮೇಲೆಯೇ ಈ ವಿಧಾನಕ್ಕೆ ನಿಜವಾದ ದಾರಿ ತೆರೆಯಿತು.

ಸಾಮಾನ್ಯ ಕೇಳುಗರ ಮಟ್ಟಿಗೆ ತಿರುವು ತಂದವರು ಭಾರತ ಮೂಲದ ಆದ್ಯ ತ್ರಿಪಾಠಿ. ಅವರು 1995ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಟ್ರೈಪಾತ್ ಕಂಪನಿಯ ಸಣ್ಣ ಚಿಪ್ಪುಗಳು ಎಷ್ಟು ಅಗ್ಗವೋ ಅಷ್ಟೇ ಇಂಪಾಗಿದ್ದು, ವಾಲ್ವ್ ಪ್ರಿಯರನ್ನೂ ಬೆರಗುಗೊಳಿಸಿದವು. 2007ರಲ್ಲಿ ಕಂಪನಿ ದಿವಾಳಿಯಾದರೂ ಅದು ಬಿತ್ತಿದ್ದು ಬೆಳೆಯಿತು. ಅದೇ ಹೊತ್ತಿಗೆ ಯುರೋಪಿನಲ್ಲಿ ಬೆಲ್ಜಿಯಂನ ಬ್ರೂನೊ ಪುಟ್ಜೇಸ್, ಫಿಲಿಪ್ಸ್ ಕಂಪನಿಯಲ್ಲಿದ್ದಾಗ, ಫೀಡ್‌ಬ್ಯಾಕನ್ನು ಫಿಲ್ಟರಿನ ಆಚೆಗೆ, ಸ್ಪೀಕರ್ ತುದಿಯಿಂದಲೇ ತೆಗೆದುಕೊಳ್ಳುವ ವಿನ್ಯಾಸವನ್ನು ರೂಪಿಸಿದರು. ಮುಂದೆ ಬಂದ ಅವರದೇ ವಿನ್ಯಾಸಗಳಲ್ಲಿ ತಪ್ಪಿನ ಪ್ರಮಾಣ ಅಳೆಯುವ ಯಂತ್ರಗಳ ಮಿತಿಯನ್ನೇ ಮುಟ್ಟುವಷ್ಟು ಇಳಿಯಿತು. ಇಂದು ಮೊಬೈಲ್, ಟಿ.ವಿ., ಬ್ಲೂಟೂತ್ ಸ್ಪೀಕರ್‌ಗಳ ಒಳಗಿರುವುದು ಬಹುತೇಕ ಕ್ಲಾಸ್-ಡಿಯೇ. ವಾಲ್ವ್ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ ಎನ್ನುವವರೂ ಫೋನಿನ ರಿಂಗ್‌ಟೋನನ್ನು ಅದರಲ್ಲೇ ಕೇಳುತ್ತಿದ್ದಾರೆ.

## ಹಾಗಾದರೆ ಇದು ಡಿಜಿಟಲ್ಲೇ?

ಹೆಚ್ಚಿನವು ಅಲ್ಲ. ಆಂಪ್ಲಿಫೈಯರುಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತ ಬಂದಾಗ ಮುಂದಿನ ಅಕ್ಷರವಾಗಿ ಡಿ ಬಂದಿದೆ. ಡಿಜಿಟಲ್ ಎಂದರೆ ಸಿಗ್ನಲ್ ಅಂಕಿಗಳ ಸಾಲಾಗಿ ಇರಬೇಕು. ಇಲ್ಲಿ ಪಲ್ಸಿನ ಅಗಲ ಅಂಕಿಯಲ್ಲ. ಅದು ಸಿಗ್ನಲ್ಲಿನೊಂದಿಗೆ ಎಳೆಯೆಳೆಯಾಗಿ, ಮೆಟ್ಟಿಲುಗಳಿಲ್ಲದೆ ಬದಲಾಗುವ ಅನಲಾಗ್ ಪ್ರಮಾಣ. ಒಳಬಂದ ಅಂಕಿಗಳನ್ನು ಅನಲಾಗ್ ಮಾಡದೆ ನೇರವಾಗಿ ಪಲ್ಸುಗಳಾಗಿಸುವ ಯಂತ್ರಗಳೂ ಇವೆ. 1990ರ ದಶಕದ ಕೊನೆಯ ಟ್ಯಾಕ್ಟ್ ಮಿಲೇನಿಯಂ ಅಂಥದ್ದು. ಬ್ಲೂಟೂತ್ ಅಥವಾ ಯು.ಎಸ್.ಬಿ. ಸೌಲಭ್ಯವಿರುವ ಪೆಟ್ಟಿಗೆಗಳಲ್ಲಿ ಆ ಭಾಗ ಮಾತ್ರ ಡಿಜಿಟಲ್, ಶಕ್ತಿ ಕೊಡುವ ಭಾಗ ಸಾಮಾನ್ಯವಾಗಿ ಮೇಲೆ ಹೇಳಿದಂಥದ್ದೇ.

## ಕಿವಿಗೆ ಕೇಳುವ ವ್ಯತ್ಯಾಸ: ಸ್ಪೀಕರಿನ ಮೇಲಿನ ಹಿಡಿತ

ಸ್ಪೀಕರಿನ ಹಿಂಬದಿಯಲ್ಲಿ ‘8 ಓಮ್’ ಎಂದು ಬರೆದಿದ್ದರೂ ಅದು ಸ್ಥಿರವಾದ ಅಂಕಿಯಲ್ಲ. ಇಂಪೀಡೆನ್ಸ್ ಎಂದು ಕರೆಯುವ ಈ ಪ್ರತಿರೋಧ ಸ್ವರದ ಆವೃತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಒಂದೇ ಸ್ಪೀಕರ್ ಒಂದು ಕಡೆ 6 ಓಮ್‌ಗೆ ಇಳಿದು, ಬಾಸ್ ಕೋನ್ ತನ್ನಷ್ಟಕ್ಕೆ ಕಂಪಿಸಲು ಬಯಸುವ ಆವೃತ್ತಿಯಲ್ಲಿ 30 ಓಮ್‌ಗೆ ಏರಬಹುದು. ಆಂಪ್ಲಿಫೈಯರಿಗೂ ತನ್ನದೇ ಆದ ಒಳಪ್ರತಿರೋಧವಿದೆ. ಅದು ಸ್ಪೀಕರಿನೊಂದಿಗೆ ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ವಾಲ್ವ್ ಯಂತ್ರದಲ್ಲಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸೇರಿ, ಈ ಒಳಪ್ರತಿರೋಧ 2 ಓಮ್ ಇದೆಯೆನ್ನಿ. ಸ್ಪೀಕರ್ 6 ಓಮ್ ಇರುವಲ್ಲಿ ಅದಕ್ಕೆ ವೋಲ್ಟೇಜಿನ ಶೇ. 75 ಸಿಗುತ್ತದೆ, 30 ಓಮ್ ಇರುವಲ್ಲಿ ಶೇ. 94 ಸಿಗುತ್ತದೆ. ಅಂದರೆ ಅದೇ ಸಿಗ್ನಲ್ಲಿಗೆ ಒಂದು ಭಾಗದ ಸ್ವರಗಳು ಇನ್ನೊಂದಕ್ಕಿಂತ ಸುಮಾರು 2 ಡೆಸಿಬೆಲ್ ಹೆಚ್ಚು ಕೇಳುತ್ತವೆ. ಇದು ಕಿವಿಗೆ ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ. ಒಳ್ಳೆಯ ಕ್ಲಾಸ್-ಡಿ ಯಂತ್ರದ ಒಳಪ್ರತಿರೋಧ 0.05 ಓಮ್ ಎಂದಿಟ್ಟುಕೊಂಡು ಇದೇ ಲೆಕ್ಕ ಮಾಡಿದರೆ ವ್ಯತ್ಯಾಸ 0.06 ಡೆಸಿಬೆಲ್‌ಗೆ ಇಳಿಯುತ್ತದೆ. ಅದನ್ನು ಯಾರ ಕಿವಿಯೂ ಹಿಡಿಯಲಾರದು.

ಸಂಗೀತ ಕಚೇರಿಯೊಂದರ ಧ್ವನಿಮುದ್ರಣ ಕೇಳುವಾಗ ಇದರ ಪರಿಣಾಮ ಹೀಗಿರುತ್ತದೆ. ವಾಲ್ವಿನಲ್ಲಿ ಮೃದಂಗದ ಎಡಬದಿಯ ನಾದ ತುಸು ಉಬ್ಬಿ, ನಿಧಾನವಾಗಿ ಆರುತ್ತದೆ. ಕೋನ್ ತನ್ನಷ್ಟಕ್ಕೆ ಆಡುವುದನ್ನು ಹಿಡಿದು ನಿಲ್ಲಿಸುವ ಬಲ ಆಂಪ್ಲಿಫೈಯರಿಗೆ ಕಡಿಮೆ. ಕ್ಲಾಸ್-ಡಿಯಲ್ಲಿ ಅದೇ ಹೊಡೆತ ಕಟ್ಟಿಟ್ಟಂತೆ ಬಂದು ತಟ್ಟನೆ ನಿಲ್ಲುತ್ತದೆ. ವಾಲ್ವಿಗೆ ಒಗ್ಗಿದ ಕಿವಿಗೆ ಇದು ‘ತೆಳು’ ಅನ್ನಿಸುವುದು ಸಹಜ. ಯಾವುದು ಇಷ್ಟ ಎಂಬುದು ರುಚಿಯ ವಿಷಯ. ಧ್ವನಿಮುದ್ರಣದಲ್ಲಿ ಇದ್ದದ್ದಕ್ಕೆ ಯಾವುದು ಹತ್ತಿರ ಎಂಬುದು ಮಾತ್ರ ಅಳತೆಯ ವಿಷಯ.

ಅಗ್ಗದ ಕ್ಲಾಸ್-ಡಿ ಯಂತ್ರಗಳಿಗೂ ಇದೇ ಬಗೆಯ ದೌರ್ಬಲ್ಯವೊಂದಿದೆ, ಅದು ಇನ್ನೊಂದು ತುದಿಯಲ್ಲಿ. ಅವುಗಳಲ್ಲಿ ಫೀಡ್‌ಬ್ಯಾಕನ್ನು ಫಿಲ್ಟರಿನ ಮೊದಲೇ ತೆಗೆದುಕೊಂಡಿರುತ್ತಾರೆ; ಹಾಗಾಗಿ ಕಾಯಿಲು, ಕೆಪಾಸಿಟರು ಮಾಡುವ ತಪ್ಪನ್ನು ತಿದ್ದುವವರಿಲ್ಲ. ಸ್ಪೀಕರಿನ ಇಂಪೀಡೆನ್ಸ್ ಎತ್ತರದ ಸ್ವರಗಳ ತುದಿಯಲ್ಲಿ ಹೆಚ್ಚಿದ್ದರೆ ಅಲ್ಲಿಯ ಧ್ವನಿ ಮೊನಚಾಗುತ್ತದೆ, ಕಡಿಮೆಯಿದ್ದರೆ ಮಂಕಾಗುತ್ತದೆ. ಒಂದೇ ಯಂತ್ರವನ್ನು ಒಬ್ಬರು ಚುಚ್ಚುತ್ತದೆ ಎಂದೂ ಇನ್ನೊಬ್ಬರು ಮೃದು ಎಂದೂ ಹೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು.

## ಸೇರಿಕೊಳ್ಳುವ ಸ್ವರಗಳು

ಯಾವ ಆಂಪ್ಲಿಫೈಯರೂ ಸಿಗ್ನಲ್ಲಿಗೆ ತನ್ನದಷ್ಟನ್ನು ಸೇರಿಸದೆ ಇರುವುದಿಲ್ಲ. 240 ಹರ್ಟ್ಸ್‌ನ ಷಡ್ಜವೊಂದನ್ನು ಕೊಟ್ಟರೆ ಅದರ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಸ್ವರಗಳು ಅಲ್ಪ ಪ್ರಮಾಣದಲ್ಲಿ ಹುಟ್ಟಿಕೊಳ್ಳುತ್ತವೆ, ಇವೇ ಹಾರ್ಮೋನಿಕ್‌ಗಳು. ಎರಡನೆಯದು 480 ಹರ್ಟ್ಸ್, ಅದು ತಾರ ಷಡ್ಜ. ಮೂರನೆಯದು 720 ಹರ್ಟ್ಸ್, ತಾರ ಸ್ಥಾಯಿಯ ಪಂಚಮ. ಐದನೆಯದು ಅಂತರ ಗಾಂಧಾರ. ತಂಬೂರಿಯ ಮಂದ್ರ ತಂತಿ ಮೀಟಿದಾಗ ತಾನಾಗಿ ಕೇಳಿಬರುವ ಗಾಂಧಾರ ಇದೇ. ಇವೆಲ್ಲ ಷಡ್ಜಕ್ಕೆ ಒಗ್ಗುವ ಸ್ವರಗಳಾದ್ದರಿಂದ ಸ್ವಲ್ಪ ಸೇರಿದರೂ ಕಿವಿ ಅದನ್ನು ತಪ್ಪೆಂದು ತಿಳಿಯುವುದಿಲ್ಲ, ನಾದ ತುಂಬಿಕೊಂಡಿತೆಂದು ತಿಳಿಯುತ್ತದೆ. ಏಳನೆಯದು ಹಾಗಲ್ಲ, ಅದು ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ, ನಮ್ಮ ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂರದೆ ನಿಲ್ಲುತ್ತದೆ. ಇನ್ನೂ ಮೇಲಿನವು ಕರ್ಕಶ.

300ಬಿ ಎಂಬ ಪ್ರಸಿದ್ಧ ವಾಲ್ವಿನ ಸಿಂಗಲ್-ಎಂಡೆಡ್ ಯಂತ್ರ ಸುಮಾರು 8 ವಾಟ್ ಕೊಡುತ್ತದೆ. ಅದರಲ್ಲಿ ಎರಡನೆಯ ಹಾರ್ಮೋನಿಕ್ ಪ್ರಧಾನ. ಜೋಡಿ ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಷ್-ಪುಲ್ ಯಂತ್ರದಲ್ಲಿ ಸಮಸಂಖ್ಯೆಯ ಹಾರ್ಮೋನಿಕ್‌ಗಳು ಒಂದನ್ನೊಂದು ಅಳಿಸಿಕೊಳ್ಳುವುದರಿಂದ ಅಲ್ಲಿ ಮೂರನೆಯದೇ ಮುಂದು. ‘ವಾಲ್ವ್ ಎಂದರೆ ಎರಡನೆಯ ಹಾರ್ಮೋನಿಕ್’ ಎಂಬ ಮಾತು ಎಲ್ಲಾ ವಾಲ್ವ್ ಯಂತ್ರಗಳಿಗೂ ಅನ್ವಯಿಸುವುದಿಲ್ಲ. ಒಳ್ಳೆಯ ಕ್ಲಾಸ್-ಡಿಯಲ್ಲಿ ಇವೆಲ್ಲ ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಶಕ್ತಿಯ ಮಿತಿ ಮುಟ್ಟಿದಾಗ ಮಾತ್ರ ಚಿತ್ರ ತಿರುಗುತ್ತದೆ. ವಾಲ್ವ್ ಯಂತ್ರ ಅಲೆಯ ನೆತ್ತಿಯನ್ನು ಮೆಲ್ಲಗೆ ದುಂಡಾಗಿಸಿದರೆ, ಕ್ಲಾಸ್-ಡಿ ಅದನ್ನು ಚಪ್ಪಟೆಯಾಗಿ ಕತ್ತರಿಸಿ ಮೇಲಿನ ಕರ್ಕಶ ಹಾರ್ಮೋನಿಕ್‌ಗಳನ್ನೆಲ್ಲ ಎಬ್ಬಿಸುತ್ತದೆ. ಅದಕ್ಕೇ ಕ್ಲಾಸ್-ಡಿ ಕೊಳ್ಳುವಾಗ ಬೇಕಾದದ್ದಕ್ಕಿಂತ ಹೆಚ್ಚು ವಾಟ್ ಇರುವುದನ್ನು ಆರಿಸುವುದು ಜಾಣತನ.

ಹಿಡಿತ ಮತ್ತು ಹಾರ್ಮೋನಿಕ್, ಮುಖ್ಯವಾಗಿ ಈ ಎರಡು ಸಂಗತಿಗಳಿಂದ ಆಂಪ್ಲಿಫೈಯರಿನ ಧ್ವನಿ ರೂಪುಗೊಳ್ಳುತ್ತದೆ ಎಂಬುದಕ್ಕೆ 1985ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದು ಒಳ್ಳೆಯ ನಿದರ್ಶನ. ಬಾಬ್ ಕಾರ್ವರ್ ಎಂಬ ಎಂಜಿನಿಯರ್, ಸ್ಟೀರಿಯೊಫೈಲ್ ಪತ್ರಿಕೆಯ ವಿಮರ್ಶಕರ ಸವಾಲು ಸ್ವೀಕರಿಸಿ, ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ದುಬಾರಿ ವಾಲ್ವ್ ಯಂತ್ರದಂತೆ ಕೇಳಿಸುವ ಹಾಗೆ ತಿದ್ದಲು ಕುಳಿತರು. ಎರಡೂ ಯಂತ್ರಗಳ ಔಟ್‌ಪುಟ್ಟನ್ನು ಒಂದರಿಂದೊಂದು ಕಳೆದು, ಉಳಿಯುವ ಶೇಷ ಕಡಿಮೆಯಾಗುತ್ತ ಹೋಗುವಂತೆ ಒಳಪ್ರತಿರೋಧವನ್ನೂ ಇತರ ಗುಣಗಳನ್ನೂ ಹೊಂದಿಸಿದರು. ಶೇಷ 70 ಡೆಸಿಬೆಲ್‌ನಷ್ಟು ಕೆಳಗಿಳಿದಾಗ, ಅಂದರೆ ವೋಲ್ಟೇಜಿನ ಲೆಕ್ಕದಲ್ಲಿ ಮೂರು ಸಾವಿರದಲ್ಲಿ ಒಂದು ಪಾಲಾದಾಗ, ವಿಮರ್ಶಕರಿಗೆ ಯಾವುದು ಯಾವುದೆಂದು ಗುರುತಿಸಲಾಗಲಿಲ್ಲ.

## ಹೋಲಿಸುವ ಮುನ್ನ

ಎರಡು ಯಂತ್ರಗಳಲ್ಲಿ ಯಾವುದು ತುಸು ಜೋರಾಗಿದೆಯೋ ಅದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಡುತ್ತದೆ. ಜೋರು ಎಂದು ಗೊತ್ತಾಗದಷ್ಟು ಸಣ್ಣ ಅಂತರವಿದ್ದಾಗಲೂ ಹಾಗೆಯೇ. ಆದ್ದರಿಂದ ವಾಲ್ಯೂಮ್ ಗುಂಡಿಯ ಸ್ಥಾನ ನೋಡಿ ಹೋಲಿಸುವುದು ವ್ಯರ್ಥ. 300 ಹರ್ಟ್ಸ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್ ತುದಿಗಳ ನಡುವಿನ ಎ.ಸಿ. ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು, ಎರಡೂ ಯಂತ್ರಗಳಲ್ಲಿ ಶೇ. 1ರೊಳಗೆ ಸಮಗೊಳಿಸಬೇಕು. ಒಂದರಲ್ಲಿ 2.00 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 2.02ನ್ನು ಮೀರಬಾರದು.

ಪೆಟ್ಟಿಗೆಯ ಮೇಲಿನ ವಾಟ್‌ಗಳನ್ನೂ ಹಾಗೆಯೇ ನಂಬಬೇಕಿಲ್ಲ. ಈ ಸಣ್ಣ ಯಂತ್ರಗಳಲ್ಲಿ ಸ್ಪೀಕರಿಗೆ ಸಿಗಬಹುದಾದ ಗರಿಷ್ಠ ಶಕ್ತಿಯನ್ನು ಅಡಾಪ್ಟರಿನ ವೋಲ್ಟೇಜು ನಿರ್ಧರಿಸುತ್ತದೆ. ವೋಲ್ಟೇಜಿನ ವರ್ಗವನ್ನು ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಮೇಲಿನ ಮಿತಿ ಸಿಗುತ್ತದೆ: 24 ವೋಲ್ಟ್ ಅಡಾಪ್ಟರಿಗೆ 8 ಓಮ್‌ನಲ್ಲಿ 36 ವಾಟ್, 32 ವೋಲ್ಟಿಗೆ 64 ವಾಟ್, 48 ವೋಲ್ಟಿಗೆ 144 ವಾಟ್. ಜನಪ್ರಿಯ ಟಿಪಿಎ3116 ಚಿಪ್ಪಿನ ‘50 ವಾಟ್’ ಕೂಡ 21 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರಿಗೆ, ಶೇ. 10 ಡಿಸ್ಟಾರ್ಷನ್ (ಸೇರಿಕೊಂಡ ತಪ್ಪು ಸ್ವರಗಳ ಪಾಲು) ಇರುವಾಗಿನ ಅಂಕಿ. ಅಷ್ಟು ಡಿಸ್ಟಾರ್ಷನ್ ಇರುವ ಸಂಗೀತವನ್ನು ಯಾರೂ ಕುಳಿತು ಕೇಳುವುದಿಲ್ಲ.

ಜೋಡಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಲ್ವ್ ಯಂತ್ರದಲ್ಲಿ ಸ್ಪೀಕರಿನ ಕಪ್ಪು ತುದಿ ಸಾಮಾನ್ಯವಾಗಿ ಭೂಮಿಗೆ ಸೇರಿರುತ್ತದೆ. ಇಂಥ ಕ್ಲಾಸ್-ಡಿ ಯಂತ್ರಗಳಲ್ಲಿ ಕೆಂಪು, ಕಪ್ಪು ಎರಡೂ ತುದಿಗಳನ್ನು ಬೇರೆ ಬೇರೆ ಆಂಪ್ಲಿಫೈಯರುಗಳು ಎದುರು ದಿಕ್ಕಿನಲ್ಲಿ ನಡೆಸುತ್ತಿರುತ್ತವೆ. ಎಡ ಬಲ ಸ್ಪೀಕರುಗಳ ಕಪ್ಪು ತಂತಿಗಳನ್ನು ಒಟ್ಟು ಸೇರಿಸಿದರೆ ಅಥವಾ ಅವನ್ನು ಸೇರಿಸುವಂಥ ಹಳೆಯ ಸೆಲೆಕ್ಟರ್ ಸ್ವಿಚ್ಚಿಗೆ ಜೋಡಿಸಿದರೆ ಚಿಪ್ಪು ಹಾಳಾಗಬಹುದು. ಪಕ್ಕದಲ್ಲೇ ಮೀಡಿಯಂ ವೇವ್ ರೇಡಿಯೊ ಇಟ್ಟು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಕೇಳಹೊರಟರೆ ಸ್ವಿಚ್ಚಿನ ಗಲಾಟೆ ಅದರೊಳಗೂ ನುಗ್ಗೀತು. ಕೆಲವು ಅಡಿ ದೂರವಿಟ್ಟರೆ ಸಾಕು. ವಾಲ್ವ್ ಯಂತ್ರವನ್ನು ಕಪಾಟಿಗೆ ಸೇರಿಸುವವರು ಕೂಡ ಅದರ ಕೆಪಾಸಿಟರುಗಳಲ್ಲಿ ಸ್ವಿಚ್ ಆರಿಸಿದ ಮೇಲೂ 400 ವೋಲ್ಟ್‌ನಷ್ಟು ಉಳಿದಿರಬಹುದೆಂಬುದನ್ನು ಮರೆಯಬಾರದು, ತಳಭಾಗ ಬಿಚ್ಚಬಾರದು.

## ಎರಡನ್ನೂ ಸೇರಿಸುವವರಿಗೆ

ವಾಲ್ವಿನ ಬಣ್ಣವನ್ನು ಬಿಡಲೊಲ್ಲದವರು ಸಾಮಾನ್ಯವಾಗಿ ಹಿಡಿಯುವ ದಾರಿ, ಹಳೆಯ ವಾಲ್ವ್ ಪ್ರಿ-ಆಂಪ್ಲಿಫೈಯರನ್ನು (ಸಿಗ್ನಲ್ಲನ್ನು ಮೊದಲು ಸಜ್ಜುಗೊಳಿಸುವ ಯಂತ್ರ) ಉಳಿಸಿಕೊಂಡು ಅದರ ನಂತರ ಕ್ಲಾಸ್-ಡಿ ಯಂತ್ರವನ್ನು ಜೋಡಿಸುವುದು. ಇದು ನಡೆಯುತ್ತದೆ, ಆದರೆ ಒಂದು ಲೆಕ್ಕ ನೋಡಿಕೊಳ್ಳಬೇಕು. ವಾಲ್ವ್ ಪ್ರಿ-ಆಂಪ್ಲಿಫೈಯರಿನ ಹೊರದಾರಿಯಲ್ಲಿ ಹೆಚ್ಚು ವೋಲ್ಟೇಜನ್ನು ತಡೆಯುವ ಒಂದು ಕೆಪಾಸಿಟರ್ ಇರುತ್ತದೆ. ಮುಂದಿನ ಯಂತ್ರದ ಇನ್‌ಪುಟ್ ಪ್ರತಿರೋಧ 100 ಕಿಲೋ ಓಮ್ ಇರುತ್ತದೆಂಬ ಹಳೆಯ ಕಾಲದ ಅಂದಾಜಿನಲ್ಲಿ ಅದನ್ನು 0.22 ಮೈಕ್ರೊಫ್ಯಾರಡ್ ಇಟ್ಟಿರುತ್ತಾರೆ. ಆಗ ಬಾಸ್ 7 ಹರ್ಟ್ಸ್‌ವರೆಗೂ ಸರಾಗವಾಗಿ ದಾಟುತ್ತದೆ. ಕ್ಲಾಸ್-ಡಿ ಯಂತ್ರಗಳ ಇನ್‌ಪುಟ್ ಪ್ರತಿರೋಧ ಎಷ್ಟೋ ಸಲ 10 ಕಿಲೋ ಓಮ್‌ನಷ್ಟೇ. ಆಗ ಅದೇ ಕೆಪಾಸಿಟರ್ 72 ಹರ್ಟ್ಸ್‌ನಿಂದ ಕೆಳಗಿನ ಸ್ವರಗಳನ್ನು ಕತ್ತರಿಸತೊಡಗುತ್ತದೆ. ಹೊಸ ಯಂತ್ರದಲ್ಲಿ ಬಾಸ್ ಇಲ್ಲ ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ತಪ್ಪು ಎರಡರಲ್ಲಿ ಯಾವ ಯಂತ್ರದ್ದೂ ಅಲ್ಲ, ಜೋಡಿಯದು. ಆ ಕೆಪಾಸಿಟರಿನ ಬದಲಿಗೆ ಅಷ್ಟೇ ವೋಲ್ಟೇಜ್ ತಾಳುವ 2.2 ಮೈಕ್ರೊಫ್ಯಾರಡ್‌ನದನ್ನು ತಿಳಿದ ಮೆಕ್ಯಾನಿಕ್ಕಿನಿಂದ ಹಾಕಿಸಿದರೆ ಮಿತಿ ಮತ್ತೆ 7 ಹರ್ಟ್ಸ್‌ಗೆ ಇಳಿಯುತ್ತದೆ. ಕೊಳ್ಳುವ ಮೊದಲೇ ಇನ್‌ಪುಟ್ ಪ್ರತಿರೋಧ 47 ಕಿಲೋ ಓಮ್‌ಗಿಂತ ಹೆಚ್ಚಿರುವ ಯಂತ್ರವನ್ನು ಆರಿಸಿಕೊಂಡರೆ ಹಳೆಯ ಕೆಪಾಸಿಟರೇ ಸಾಕು.